ಬಿಡಿಸದೆ ತೂಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಪ್ರೋಟೀನ್‌ಗಳು ಒಂಟಿಯಾಗಿ ಕೆಲಸ ಮಾಡುವುದು ಕಡಿಮೆ. ಹಿಮೋಗ್ಲೋಬಿನ್ ನಾಲ್ಕು ಸರಪಳಿಗಳ ಗುಂಪು, ಅಲ್ವಾ? ಆ ಸರಪಳಿಗಳನ್ನು ಒಟ್ಟಿಗೆ ಹಿಡಿದಿರುವುದು ಗಟ್ಟಿ ರಾಸಾಯನಿಕ ಬಂಧವಲ್ಲ. ಹೈಡ್ರೋಜನ್ ಬಂಧ, ವಿದ್ಯುತ್ ಸೆಳೆತ, ನೀರಿಗೆ ಒಗ್ಗದ ಭಾಗಗಳು ಒಂದೆಡೆ ಸೇರಿಕೊಳ್ಳುವುದು, ಇಷ್ಟೇ. ಇಂಥ ಗುಂಪನ್ನು ಗುಂಪಾಗಿಯೇ ತೂಗಬಹುದಾ?

ಮಾಸ್ ಸ್ಪೆಕ್ಟ್ರೋಮೀಟರ್ ತೂಗುವುದು ಚಾರ್ಜ್ ಹೊತ್ತ ಕಣಗಳನ್ನು, ಅದೂ ನಿರ್ವಾತದಲ್ಲಿ. ಪ್ರೋಟೀನನ್ನು ಕಾಯಿಸಿ ಆವಿ ಮಾಡಲು ಹೋದರೆ ಹಾಳಾಗುತ್ತದೆ. 1980ರ ದಶಕದಲ್ಲಿ ಜಾನ್ ಫೆನ್ ಎಲೆಕ್ಟ್ರೋಸ್ಪ್ರೇಯಿಂದ ಈ ತೊಡಕು ಬಿಡಿಸಿದರು. 2002ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ದ್ರಾವಣವನ್ನು ಸೂಜಿಯಿಂದ ಹೆಚ್ಚು ವೋಲ್ಟೇಜಿನಲ್ಲಿ ಸಿಂಪಡಿಸುತ್ತಾರೆ. ಹನಿ ಒಣಗುತ್ತದೆ, ಪ್ರೋಟೀನ್ ಚಾರ್ಜ್ ಹೊತ್ತು ಉಳಿಯುತ್ತದೆ.

ಆದರೆ ಸ್ಪ್ರೇ ಚೆನ್ನಾಗಿ ಬರಲಿ ಎಂದು ಮೆಥನಾಲ್, ಆಮ್ಲ ಬೆರೆಸುವುದು ರೂಢಿ. ಅದರಲ್ಲಿ ಪ್ರೋಟೀನ್ ಬಿಚ್ಚಿಕೊಂಡುಬಿಡುತ್ತದೆ. ಕುದುರೆಯ ಹೃದಯದ ಮಯೋಗ್ಲೋಬಿನ್ ನೋಡಿ, ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಪ್ರೋಟೀನ್. ಆಮ್ಲದಲ್ಲಿ ತೂಗಿದರೆ ಸುಮಾರು 16,951 ಡಾಲ್ಟನ್ (ಒಂದು ಡಾಲ್ಟನ್ ಎಂದರೆ ಹೆಚ್ಚುಕಡಿಮೆ ಒಂದು ಹೈಡ್ರೋಜನ್ ಪರಮಾಣುವಿನ ತೂಕ). ಅದರೊಳಗೆ ಕೂತಿರುವ ಕಬ್ಬಿಣದ ಪುಟ್ಟ ಅಣು, ಹೀಮ್, ಕಳಚಿ ಹೋಗಿದೆ. ಆಮ್ಲ ಬಿಟ್ಟು ಅಮೋನಿಯಂ ಅಸಿಟೇಟ್‌ನಲ್ಲಿ ತೂಗಿದರೆ 17,567. ವ್ಯತ್ಯಾಸ 616, ಒಂದು ಹೀಮ್‌ನ ತೂಕ! 1991ರಲ್ಲಿ ಕಟ್ಟಾ ಮತ್ತು ಚೈಟ್ ಎಂಬ ಸಂಶೋಧಕರು ಈ ಪ್ರೋಟೀನಿನಲ್ಲೇ ಹೀಮ್ ಜೊತೆಗಿರುವುದನ್ನು ತೋರಿಸಿದರು.

ಅಮೋನಿಯಂ ಅಸಿಟೇಟೇ ಯಾಕೆ? ಅದು ನೀರಿನ ಜೊತೆ ತಾನೂ ಆರಿಹೋಗುತ್ತದೆ. ಅಡುಗೆ ಉಪ್ಪು ಹಾಗಲ್ಲ, ಸೋಡಿಯಂ ಪ್ರೋಟೀನಿಗೆ ಅಂಟಿ ಪೀಕನ್ನು, ಅಂದರೆ ಉಪಕರಣ ಬರೆಯುವ ಚಿತ್ರದಲ್ಲಿ ಏಳುವ ಮೊನೆಯನ್ನು, ಅಗಲ ಮಾಡುತ್ತದೆ. ಇನ್ನೊಂದು ಸಂಗತಿ. ಮಡಿಚಿಕೊಂಡ ಪ್ರೋಟೀನ್ ಕಡಿಮೆ ಚಾರ್ಜ್ ಹೊರುತ್ತದೆ. ಉಪಕರಣ ಅಳೆಯುವುದು ತೂಕ ಮತ್ತು ಚಾರ್ಜಿನ ಅನುಪಾತವನ್ನು. ಹಾಗಾಗಿ ಚಾರ್ಜ್ ಇಳಿದರೆ ಪೀಕ್ ಬಲಕ್ಕೆ ಸರಿಯುತ್ತದೆ. ಎಂಟು ಚಾರ್ಜಿನ ಮಯೋಗ್ಲೋಬಿನ್ 2,197ರ ಹತ್ತಿರ ಕಾಣುತ್ತದೆ.

ನಿಜವಾದ ಕೈಚಳಕ ಇರುವುದು ವೋಲ್ಟೇಜಿನಲ್ಲಿ, ಸೂಜಿಯದ್ದಲ್ಲ, ಉಪಕರಣದ ಒಳಗೆ ಕಣಗಳನ್ನು ಮುಂದಕ್ಕೆ ನೂಕುವುದರಲ್ಲಿ. ಕಡಿಮೆಯಾದರೆ ನೀರು, ಉಪ್ಪು ಅಂಟಿಕೊಂಡೇ ಬಂದು ತೂಕ ಜಾಸ್ತಿ ತೋರಿಸುತ್ತದೆ. ಹೆಚ್ಚಾದರೆ ಕಣಗಳು ಅನಿಲಕ್ಕೆ ಜೋರಾಗಿ ಡಿಕ್ಕಿ ಹೊಡೆದು ಗುಂಪೇ ಒಡೆಯುತ್ತದೆ. ಎಲ್ಲ ಪ್ರೋಟೀನಿಗೂ ಹೊಂದುವ ಒಂದೇ ಸಂಖ್ಯೆ ಇಲ್ಲ. ಕೈಪಿಡಿ ಇಲ್ಲಿ ಅಷ್ಟೇನೂ ನೆರವಾಗದು ಎಂಬುದು ನನ್ನ ಅಭಿಪ್ರಾಯ.

ಪೀಕ್ ಬಂತು ಎಂದು ಸುಮ್ನೆ ನಂಬಬೇಡಿ. ಹನಿ ಒಣಗುವಾಗ ಪ್ರೋಟೀನ್‌ಗಳು ಒತ್ತೊತ್ತಾಗುತ್ತವೆ. ಪರಿಚಯವೇ ಇಲ್ಲದ ಎರಡು ಅಂಟಿಕೊಳ್ಳಬಹುದು. ಸಂತೆ ಮುಗಿಸಿ ಕಡೇ ಬಸ್ಸಿಗೆ ನುಗ್ಗಿದವರನ್ನೆಲ್ಲ ಒಂದೇ ಮನೆಯವರು ಅಂದ ಹಾಗಾಗುತ್ತದೆ. ಅದಕ್ಕೇ ದ್ರಾವಣವನ್ನು ತೆಳು ಮಾಡಿ ಮತ್ತೆ ನೋಡಬೇಕು, ಅಂಟಬಾರದ ಒಂದು ಪ್ರೋಟೀನನ್ನೂ ಬೆರೆಸಿ ನೋಡಬೇಕು. ಇದಕ್ಕೆ ಉಲ್ಟಾ ಮೋಸವೂ ಇದೆ. ನೀರಿಗೆ ಒಗ್ಗದ ಭಾಗಗಳು ಒಂದಾಗುವುದೇ ಸುತ್ತ ನೀರಿರುವುದರಿಂದ. ನೀರು ಹೋದಮೇಲೆ ಆ ಹಿಡಿತ ಸಡಿಲವಾಗುತ್ತದೆ, ವಿದ್ಯುತ್ ಸೆಳೆತ ಬಲವಾಗುತ್ತದೆ. ಆದ್ದರಿಂದ ಗುಂಪು ಕಾಣಲಿಲ್ಲ ಎಂದರೆ ದ್ರಾವಣದಲ್ಲಿ ಇರಲಿಲ್ಲ ಎಂದಲ್ಲ.

ಇಷ್ಟು ಕಷ್ಟ ಯಾಕೆ ಪಡಬೇಕು? ಟ್ರಾನ್ಸ್‌ಥೈರೆಟಿನ್ ಕೇಳಿದ್ದೀರಾ? ರಕ್ತದಲ್ಲಿ ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನನ್ನು ಹೊರುವ ಪ್ರೋಟೀನ್‌ಗಳಲ್ಲಿ ಒಂದು. ನಾಲ್ಕು ಒಂದೇ ಬಗೆಯ ಸರಪಳಿ, ಸುಮಾರು 55,000 ಡಾಲ್ಟನ್. ಗುಂಪು ಬಿಚ್ಚಿದರೆ ಬಿಡಿ ಸರಪಳಿಗಳು ಹೃದಯದಲ್ಲಿ, ನರಗಳಲ್ಲಿ ಗಂಟು ಕಟ್ಟಿ ಕಾಯಿಲೆ ತರುತ್ತವೆ. ಟಫಾಮಿಡಿಸ್ ಎಂಬ ಔಷಧ ನಾಲ್ಕನ್ನೂ ಒಟ್ಟಿಗೆ ಹಿಡಿದಿಡುತ್ತದೆ. ಅದು ಕೂರಲು ಪ್ರತಿ ಗುಂಪಿನಲ್ಲಿ ಎರಡು ಜಾಗ ಇವೆ. ಬೇರೆ ಎಷ್ಟೋ ವಿಧಾನಗಳು ಸರಾಸರಿ ಮಾತ್ರ ಕೊಡುತ್ತವೆ. ಇಲ್ಲಿ ಹಾಗಲ್ಲ. ಔಷಧ ಹಿಡಿಯದ್ದು, ಒಂದು ಹಿಡಿದದ್ದು, ಎರಡೂ ತುಂಬಿದ್ದು, ಮೂರಕ್ಕೂ ಬೇರೆ ಬೇರೆ ಪೀಕ್ ಒಂದೇ ಚಿತ್ರದಲ್ಲಿ ಕಾಣಬಹುದು.