ಮೊದಲು ಕೇಸ್ ಶೀಟ್, ಆಮೇಲೆ ದೂರು

ಕೇಳುಗರಿಗೆ ನಮಸ್ಕಾರ.

ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೆಟ್ಟಿತು ಅನ್ನಿಸಿದ ಕೂಡಲೇ ಮನೆಯವರು ಪೊಲೀಸ್ ಠಾಣೆಗೆ ಓಡುತ್ತಾರೆ. ಅದಕ್ಕಿಂತ ಮೊದಲು ಹೋಗಬೇಕಾದ್ದು ಅದೇ ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗಕ್ಕೆ. ಚಿಕಿತ್ಸೆಯ ದಾಖಲೆಗಳ, ಅಂದರೆ ಕೇಸ್ ಶೀಟಿನ, ನಕಲು ಕೊಡಿ ಎಂದು ಎರಡು ಪ್ರತಿಯಲ್ಲಿ ಅರ್ಜಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಮೇತ ಸೀಲು, ಸಹಿ ಹಾಕಿಸಿಕೊಳ್ಳಿ. ವೈದ್ಯರ ನಡತೆಯ ಬಗೆಗಿನ 2002ರ ನಿಯಮಾವಳಿ ಪ್ರಕಾರ 72 ಗಂಟೆಯೊಳಗೆ ನಕಲು ಕೊಡಬೇಕು. ಒಳರೋಗಿಯ ದಾಖಲೆಯನ್ನು ಕಾಪಾಡಬೇಕಾದ ಅವಧಿ, ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಮಾತ್ರ.

ಬಹಳಷ್ಟು ಜನ ಎಡವುವುದು ಇಲ್ಲೇ. ಡಿಸ್ಚಾರ್ಜ್ ಸಮರಿ ಕೈಗೆ ಬಂದರೆ ಎಲ್ಲಾ ಬಂತು ಅಂದುಕೊಳ್ಳುತ್ತಾರೆ. ಅದು ಬರೀ ಸಾರಾಂಶ. ಯಾವ ಔಷಧ, ಎಷ್ಟು ಪ್ರಮಾಣ, ಎಷ್ಟು ಗಂಟೆಗೆ ಎಂಬುದು ಔಷಧದ ಚಾರ್ಟಿನಲ್ಲಿರುತ್ತದೆ. ರಾತ್ರಿ ರಕ್ತದೊತ್ತಡ ಇಳಿದಾಗ ವೈದ್ಯರನ್ನು ಯಾವಾಗ ಕರೆದರು ಎಂಬುದು ನರ್ಸ್‌ಗಳ ಟಿಪ್ಪಣಿಯಲ್ಲಿ. ಶಸ್ತ್ರಚಿಕಿತ್ಸೆ ಆಗಿದ್ದರೆ ಅದರ ಟಿಪ್ಪಣಿ, ಅರಿವಳಿಕೆಯ ದಾಖಲೆ, ಒಪ್ಪಿಗೆ ಪತ್ರ ಇವನ್ನೂ ಅರ್ಜಿಯಲ್ಲಿ ಒಂದೊಂದಾಗಿ ಹೆಸರಿಸಿ ಕೇಳಿ.

ಇನ್ನು ದೂರು ಎಲ್ಲಿಗೆ? ದರಪಟ್ಟಿ ಹಾಕಿಲ್ಲ, ನೋಂದಣಿಯಿಲ್ಲ, ಬಾಕಿ ಕಟ್ಟದೆ ಶವ ಕೊಡುವುದಿಲ್ಲ ಎನ್ನುತ್ತಾರೆ ಎಂಬಂಥವು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ, ಅಂದರೆ ಕೆಪಿಎಂಇಗೆ, ಸೇರಿದ ವಿಷಯ. ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ದೂರು ಕೊಡಬಹುದು. ಶವ ತಡೆಹಿಡಿಯುವಂತಿಲ್ಲ ಎಂದು 2017ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ದುಃಖದಲ್ಲಿರುವ ಮನೆಯವರಿಗೆ ಇದನ್ನು ಅಕ್ಕಪಕ್ಕದವರಾದರೂ ನೆನಪಿಸಬೇಕು.

ವೈದ್ಯರ ವೃತ್ತಿದೋಷವನ್ನು ವಿಚಾರಿಸುವುದು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ಅದು ಎಚ್ಚರಿಕೆ ಕೊಡಬಹುದು, ನೋಂದಣಿಯಿಂದ ಹೆಸರು ತೆಗೆಯಬಹುದು. ಪರಿಹಾರದ ಹಣ ಕೊಡಿಸುವುದಿಲ್ಲ. ಹಣ ಬೇಕಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಆಸ್ಪತ್ರೆಗೆ ಕಟ್ಟಿದ ಮೊತ್ತ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ; 5 ಲಕ್ಷದವರೆಗೆ ದೂರಿಗೆ ಶುಲ್ಕವಿಲ್ಲ. ಲೆಕ್ಕಕ್ಕೆ ಬರುವುದು ನೀವು ಕಟ್ಟಿದ ಮೊತ್ತವೇ ಹೊರತು ಕೇಳುವ ಪರಿಹಾರವಲ್ಲ. ಆದ್ದರಿಂದ ರಸೀದಿ ಬಿಸಾಡಬೇಡಿ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಪೊಲೀಸ್ ಮೊಕದ್ದಮೆ ನಿಲ್ಲಬೇಕಾದರೆ ನಿರ್ಲಕ್ಷ್ಯ ಘೋರವಾಗಿರಬೇಕು. ತನಿಖಾಧಿಕಾರಿ ಮೊದಲು ಬೇರೊಬ್ಬ ತಜ್ಞ ವೈದ್ಯರ ಅಭಿಪ್ರಾಯ ಪಡೆಯಬೇಕೆಂಬುದು ಸುಪ್ರೀಂ ಕೋರ್ಟಿನ 2005ರ ತೀರ್ಪು.

ಗ್ರಾಹಕರ ಆಯೋಗಕ್ಕೆ ಎರಡು ವರ್ಷದ ಗಡುವಿದೆ. ಪರಿಷತ್ತಿನ ಆದೇಶ ಬರಲಿ ಎಂದು ಕಾಯುತ್ತಾ ಕೂತರೆ ಆ ಗಡುವು ಕಳೆದುಹೋಗುತ್ತದೆ. ಮೀರಿದ ಮೇಲೆ ತಡವಾದ ಕಾರಣವನ್ನು ಆಯೋಗ ಒಪ್ಪಲೇಬೇಕೆಂದಿಲ್ಲ. ಎರಡೂ ಕಡೆ ಒಟ್ಟಿಗೇ ದೂರು ಸಲ್ಲಿಸಬಹುದು.