ಖಾಲಿ ಸೈಟಿನ ಎಕ್ಕದ ಗಿಡ

ಕೇಳುಗರೇ, ನಮಸ್ಕಾರ.

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದು ಖಾಲಿ ಸೈಟು ಸಿಗುತ್ತದೆ. ಒಡೆದ ಇಟ್ಟಿಗೆ, ಪ್ಲಾಸ್ಟಿಕ್ಕು, ನಡುವೆ ಒಂದೆರಡು ಎಕ್ಕದ ಗಿಡ. ಇಂಥ ಕಡೆ ಹುಳ ಹುಪ್ಪಟೆ ನೇರವಾಗಿ ಕಣ್ಣಿಗೆ ಬೀಳುವುದು ಕಡಿಮೆ. ಅವು ಬಿಟ್ಟುಹೋದ ಗುರುತು ಹುಡುಕುವುದು ಸುಲಭ: ತೂತುಬಿದ್ದ ಎಲೆ, ಅದರ ಮೇಲಿನ ಹಿಕ್ಕೆ, ಗೋಡೆಗೆ ಮೆತ್ತಿದ ಮಣ್ಣು.

ಎಕ್ಕದಿಂದಲೇ ಶುರುಮಾಡಿ. ಎಲೆ ಕೀಳಬೇಡಿ; ಕಿತ್ತರೆ ಹಾಲು ಸುರಿಯುತ್ತದೆ, ಅದು ಕಣ್ಣಿಗೆ ಬಿದ್ದರೆ ಅಪಾಯ. ತುದಿ ಹಿಡಿದು ಮೆಲ್ಲಗೆ ಮಗುಚಿ. ಮೇಲಿನಿಂದ ನೋಡಿ ಹೋಗುವವರಿಗೆ ಏನೂ ಕಾಣದಿರಲು ಕಾರಣ ಇದೇ, ಇರುವುದೆಲ್ಲ ಎಲೆಯ ಅಡಿಯಲ್ಲಿ. ಅಲ್ಲಿ ಒಂಟಿಯಾಗಿ ಅಂಟಿಕೊಂಡ, ಸುಮಾರು ಒಂದು ಮಿಲಿಮೀಟರಿನ ಬಿಳಿ ಚುಕ್ಕೆ ಕಂಡರೆ ಅದು ಪ್ಲೇನ್ ಟೈಗರ್ ಚಿಟ್ಟೆಯ ಮೊಟ್ಟೆ ಇರಬಹುದು. ಕಿತ್ತಳೆ ರೆಕ್ಕೆ, ಕಪ್ಪು ಅಂಚು, ಅದರಲ್ಲಿ ಬಿಳಿ ಚುಕ್ಕೆ. ನೀವು ನೋಡಿಯೇ ಇರುತ್ತೀರಿ.

ಎಲೆಯಲ್ಲಿ ದುಂಡನೆಯ ಸಣ್ಣ ತೂತುಗಳಿದ್ದರೆ ಮರಿಹುಳು ಹೊರಬಂದಿದೆ ಎಂದರ್ಥ. ತೂತು ದುಂಡಗಿರುವುದಕ್ಕೆ ಕಾರಣವಿದೆ. ಎಕ್ಕದ ಹಾಲು ಅಂಟು, ಪುಟ್ಟ ಹುಳುವಿನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಅದು ಮೊದಲು ಸುತ್ತಲೂ ಕೊರೆದು ಹಾಲಿನ ಹರಿವು ತಡೆದು, ಆಮೇಲೆ ನಡುವಿನ ಭಾಗ ತಿನ್ನುತ್ತದೆ. ಬಲಿತ ಹುಳು ನಿಮ್ಮ ಕಿರುಬೆರಳಿಗಿಂತ ಚಿಕ್ಕದು. ಮೈಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆ, ಮೂರು ಜೊತೆ ಕಪ್ಪು ಎಳೆಗಳು. ಇಷ್ಟು ಎದ್ದುಕಾಣುವ ಬಣ್ಣವಿದ್ದೂ ಹಕ್ಕಿಗಳು ಹೆಚ್ಚಾಗಿ ದೂರವೇ ಉಳಿಯುತ್ತವೆ, ಎಕ್ಕದ ವಿಷ ಅದರ ಮೈಯಲ್ಲೂ ಸೇರಿರುವುದರಿಂದ.

ಚಿಗುರಿನಲ್ಲಿ ಹಳದಿ ಸಸ್ಯಹೇನುಗಳು ಒತ್ತೊತ್ತಾಗಿ ಕೂತಿರುತ್ತವೆ. ಅಲ್ಲಿ ಭೂತಗನ್ನಡಿ ಬೇಕು, ಹತ್ತು ಪಟ್ಟಿನದು ಸಾಕು. ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಮುಖವನ್ನೇ ಚಿಗುರಿನತ್ತ ಒಯ್ಯಿರಿ. ಎರಡೂವರೆ ಸೆಂಟಿಮೀಟರಿಗೆ ಬಂದಾಗ ಚಿತ್ರ ನಿಚ್ಚಳವಾಗುತ್ತದೆ. ಕೈ ಚಾಚಿ ಹಿಡಿದರೆ ಮಸುಕೇ. ಹೇನುಗಳ ನಡುವೆ ಕೆಲವು ಕಂದು ಬಣ್ಣಕ್ಕೆ ತಿರುಗಿ, ಉಬ್ಬಿ, ಅಲ್ಲಾಡದೆ ಇರುತ್ತವೆ. ಅವುಗಳ ಒಳಗೆ ಅತಿ ಸಣ್ಣ ಕಣಜದ ಮರಿ ಬೆಳೆಯುತ್ತಿದೆ, ಇಲ್ಲವೇ ಬೆನ್ನಿನಲ್ಲಿ ತೂತು ಮಾಡಿ ಹಾರಿಹೋಗಿದೆ. ಗುಲಗಂಜಿ ಹುಳುವೂ ಅಲ್ಲೇ ಹೇನು ಹೆಕ್ಕುತ್ತಿರುತ್ತದೆ. ನನ್ನ ಕೇಳಿದರೆ, ರಸ್ತೆ ವಿಭಜಕದಲ್ಲಿ ಸಾಲಾಗಿ ನೆಟ್ಟ, ಒಂದೂ ತೂತಿಲ್ಲದ ಅಲಂಕಾರದ ಗಿಡಗಳಿಗಿಂತ ಈ ಕೊಳಕು ಎಕ್ಕವೇ ಮೇಲು.

ಸೈಟೂ ಇಲ್ಲವೇ? ಬಾಲ್ಕನಿಯ ಕರಿಬೇವಿನ ಕುಂಡ ನೋಡಿ. ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಂತೆ ಕಂಡರೆ ಒರೆಸುವ ಮುಂಚೆ ಕಡ್ಡಿಯಿಂದ ಮೆಲ್ಲಗೆ ತಾಗಿಸಿ. ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದು ಹೊರಬಂದು ಘಾಟು ವಾಸನೆ ಬಂದರೆ ಅದು ನಿಂಬೆ ಚಿಟ್ಟೆಯ ಅಥವಾ ಅದರ ನೆಂಟರ ಮರಿಹುಳು. ಬಲಿತ ಮೇಲೆ ಹಸಿರಾಗುತ್ತದೆ. ನಾಲ್ಕೈದು ಹುಳುಗಳಿದ್ದರೆ ಚಿಕ್ಕ ಗಿಡ ಬೋಳಾದೀತು. ಕೆಲವನ್ನು ಕೂತ ರೆಂಬೆಯ ಸಮೇತ ಕತ್ತರಿಸಿ ಮತ್ತೊಂದು ಕರಿಬೇವಿಗೋ ನಿಂಬೆಗೋ ದಾಟಿಸಿ. ಬೇರೆ ಗಿಡಕ್ಕೆ ಬಿಟ್ಟರೆ ಹಸಿದು ಸಾಯುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಕಲು ಹೋಗುವವರೂ ಉಂಟು. ಒಳಗೆ ತೇವ ಕಟ್ಟಿ, ಹಿಕ್ಕೆಗೆ ಬೂಷ್ಟು ಹಿಡಿದು ಹುಳು ಕೊಳೆಯುತ್ತದೆ.

ಇನ್ನು ಕಿಟಕಿಯ ಮೂಲೆಯಲ್ಲಿ ಮೆತ್ತಿದ ಮಣ್ಣು. ಅದು ಕುಂಬಾರ ಹುಳುವಿನ ಗೂಡು. ಒಳಗೆ ಮರಿಗೆ ಆಹಾರವಾಗಿ ಚುಚ್ಚಿ ಜಡಗೊಳಿಸಿದ ಜೇಡವೋ ಹಸಿರು ಹುಳುವೋ ಇರುತ್ತದೆ. ಗುಂಪುಗೂಡಿ ಬಾಳುವ ಜಾತಿಯಲ್ಲದ ಕಾರಣ ಇದು ಜೇನಿನಂತೆ ಮೇಲೆ ಬೀಳುವುದಿಲ್ಲ. ಗೂಡಿನ ಕೋಣೆಗಳಲ್ಲೆಲ್ಲ ದುಂಡು ತೂತಿದ್ದರೆ ಮರಿಗಳು ಹೊರಟುಹೋಗಿವೆ, ಕೆರೆದು ತೆಗೆಯಬಹುದು. ತೂತಿಲ್ಲದಿದ್ದರೆ ಬಣ್ಣ ಬಳಿಯುವವರಿಗೆ ಆ ಮೂಲೆಯನ್ನು ಸದ್ಯಕ್ಕೆ ಬಿಡಲು ಹೇಳಿ.