ಭಾವನ ಮಾತ್ರೆ, ನನ್ನ ಕೈ

ಕೇಳುಗರಿಗೆಲ್ಲ ನಮಸ್ಕಾರ. ನಮ್ಮ ಕಡೆ ಮೊಸರಿಗೆ ಹೆಪ್ಪು ಕೇಳಿದಷ್ಟೇ ಸಲೀಸಾಗಿ ಪಕ್ಕದ್ಮನೇಲಿ ಮಾತ್ರೆ ಕೇಳ್ತೀವಿ, ಕೊಡೋರೂ ಅಷ್ಟೇ ಪ್ರೀತಿಯಿಂದ ಕೊಡ್ತಾರೆ. ನನಗೂ ಹಾಗೇ ಕೊಟ್ಟಿದ್ದು, ನಮ್ಮ ಅಕ್ಕ.

ಹೋದ ವರ್ಷ ಮಳೆಗಾಲದಲ್ಲಿ ಬಚ್ಚಲ ಹತ್ರ ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿ ಬಲಗೈ ಊರಿ ಬಿದ್ದೆ. ಹೆಬ್ಬೆರಳ ಬುಡದಲ್ಲಿ ನೋವು, ಬಾವು ಅಷ್ಟೇನಿಲ್ಲ, ಉಳುಕಿರ್ಬೇಕು ಅಂದ್ಕೊಂಡು ಡೋಲೋ 650, ಅಂದ್ರೆ ಪ್ಯಾರಾಸಿಟಮಾಲ್, ನುಂಗ್ದೆ, ರಾತ್ರಿ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ಅಕ್ಕ ಹಾರ್ಲಿಕ್ಸ್ ಡಬ್ಬಿ ತಂದ್ಲು, ಭಾವಂಗೆ ಮಂಡಿ ಆಪರೇಷನ್ ಆದಾಗ ಬರೆದ ಮಾತ್ರೆ ಅದ್ರಲ್ಲಿ ಉಳ್ದಿತ್ತು, "ತಗೋ ಮಾರಾಯ, ಇವ್ರಿಗೆ ಒಂದೇ ಮಾತ್ರೆಗೆ ನೋವು ಹೋಗ್ತಿತ್ತು" ಅಂದ್ಲು. ಟ್ರಮಡಾಲ್ ಅನ್ನೋ ಅಫೀಮಿನ ಥರದ ಜೋರಾದ ನೋವಿನ ಔಷಧಿ ಮತ್ತೆ ಪ್ಯಾರಾಸಿಟಮಾಲ್ ಸೇರಿಸಿದ ಮಾತ್ರೆ ಅದು, ನಾನು ಹೆಸರೂ ಓದ್ಲಿಲ್ಲ.

ನೋವು ಹೋಯ್ತು ನಿಜ. ಸ್ವಲ್ಪ ವಾಕರಿಕೆ, ಆಮೇಲೆ ಮೈಯೆಲ್ಲ ಹಗುರ. ಅದೇ ಕೈಯಲ್ಲಿ ನೀರಿನ ಕೊಡ ಎತ್ತಿದೆ, ಹಾಲು ಕರೆದೆ, ಹತ್ತು ದಿನ. ಕೊನೆಕೊನೆಗೆ ನೋವು ಬರೋಕೆ ಮುಂಚೆನೇ ಕೈ ಡಬ್ಬಿ ಕಡೆ ಹೋಗ್ತಿತ್ತು, ಅದು ನನಗೆ ಈಗ್ಲೂ ಭಯ ಹುಟ್ಟಿಸೋ ವಿಷಯ.

ಎಕ್ಸ್‌ರೇ ನೋಡಿ ಡಾಕ್ಟ್ರು ಕೇಳಿದ್ದು ಒಂದೇ, "ಇಷ್ಟ್ ದಿನ ಏನ್ ಮಾಡ್ತಿದ್ರಿ?" ಮಣಿಕಟ್ಟಿನಲ್ಲಿ ಸ್ಕಾಫಾಯ್ಡ್ ಅಂತ ಗೋಡಂಬಿ ಆಕಾರದ ಪುಟ್ಟ ಮೂಳೆ ಇದೆ, ಅದಕ್ಕೆ ರಕ್ತ ಹೋಗೋದೇ ಕಮ್ಮಿ, ಮುರಿದಾಗ ಅಲ್ಲಾಡಿಸ್ದೆ ಇಟ್ರೆ ಮಾತ್ರ ಕೂಡುತ್ತೆ. ನನ್ನದು ಸರಿದುಬಿಟ್ಟಿತ್ತು, ಸ್ಕ್ರೂ ಹಾಕಿ ಮೇಲೆ ಪ್ಲಾಸ್ಟರ್ ಕಟ್ಟಿದ್ರು. ಕೈ ಅಲ್ಲಾಡಿಸ್ಬೇಡ ಅಂತ ಹೇಳ್ತಿದ್ದಿದ್ದೇ ಆ ನೋವು, ಅದರ ಬಾಯಿ ನಾನೇ ಮುಚ್ಚಿಸಿದ್ದೆ.

ಮೂಳೆ ಹೋದ್ರೆ ಹೋಯ್ತು ಅನ್ನಿ, ಜೀವ ಹೋಗೋ ದಾರಿಗಳೂ ಇವೆ. ಟ್ರಮಡಾಲನ್ನ ನಮ್ಮ ಲಿವರ್ ಇನ್ನೂ ಜೋರಾದ ಔಷಧಿಯಾಗಿ ಬದಲಾಯಿಸುತ್ತೆ, ಕೆಲವ್ರ ಲಿವರ್ ಅದನ್ನ ತುಂಬಾ ಬೇಗ ಮಾಡುತ್ತೆ, ಅಂದ್ರೆ ಭಾವಂಗೆ ಸರಿಹೋದ ಅದೇ ಮಾತ್ರೆ ನನಗೆ ವಿಪರೀತ ಆಗ್ಬಹುದಿತ್ತು. ಫಿಟ್ಸ್ ಇರೋರಿಗೆ ಫಿಟ್ಸ್ ತರಿಸ್ಬಹುದು, ಡಿಪ್ರೆಶನ್‌ಗೆ ಮಾತ್ರೆ ತಗೊಳೋರಿಗೂ ಅಪಾಯ. ಇದರ ಮೇಲೆ ಹೆಂಡ ಕುಡಿದ್ರೆ, ಇಲ್ಲಾ ನಿದ್ದೆ ಮಾತ್ರೆ ತಗೊಂಡ್ರೆ ಉಸಿರೇ ನಿಧಾನ ಆಗ್ತಾ ಹೋಗುತ್ತೆ, ಮನೆಯವರು ಗೊರಕೆ ಹೊಡೀತಿದಾನೆ ಮಲಗ್ಲಿ ಬಿಡು ಅಂತಾರೆ. ಎಬ್ಬಿಸಿದ್ರೆ ಏಳ್ತಿಲ್ಲ, ತುಟಿ ನೀಲಿ, ಕಣ್ಣಿನ ಪಾಪೆ ಸಾಸಿವೆ ಕಾಳಿನ ಥರ ಸಣ್ಣಗಾಗಿದೆ ಅಂದ್ರೆ ಒಂದು ಮಗ್ಗುಲಿಗೆ ಮಲಗಿಸಿ ತಕ್ಷಣ 108ಕ್ಕೆ ಫೋನ್ ಮಾಡಿ. ನಲೋಕ್ಸೋನ್ ಅನ್ನೋ ಇಂಜೆಕ್ಷನ್ ಉಸಿರು ವಾಪಸ್ ತರುತ್ತೆ, ಆದ್ರೆ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ತಲುಪ್ಬೇಕು. ಇನ್ನೊಂದು, ಈ ಜೋಡಿ ಮಾತ್ರೆ ಜೊತೆ ಡೋಲೋನೂ ನುಂಗಿದ್ರೆ ಗೊತ್ತಿಲ್ದೆ ಪ್ಯಾರಾಸಿಟಮಾಲ್ ಎರಡೆರಡು ಸಲ ಹೋಗುತ್ತೆ, ನಾನೂ ಹಾಗೇ ಮಾಡಿದ್ದೆ.

2018ರಲ್ಲಿ ಸರ್ಕಾರ ಟ್ರಮಡಾಲನ್ನ ಮಾದಕ ವಸ್ತುಗಳ ಕಾನೂನಿನ ಕೆಳಗೆ ತಂತು, ಮೆಡಿಕಲ್ ಶಾಪಲ್ಲಿ ಚೀಟಿ ಇಲ್ದೆ ಕೊಡಂಗಿಲ್ಲ. ನಮ್ಮ ಮನೆ ಡಬ್ಬಿಗೆ ಯಾವ ಚೀಟಿ ಹೇಳಿ?

ಡಾಕ್ಟ್ರು ನಿಮಗೇ ಅಂತ ಬರೆದುಕೊಟ್ಟಿದ್ರೆ ಹೆದರ್ಬೇಡಿ, ಹೇಳಿದಷ್ಟು ತಗೊಳ್ಳಿ. ತಿಂಗಳುಗಟ್ಟಲೆ ತಗೊಂಡು ಈಗ ಬಿಡೋಕೆ ಆಗ್ತಿಲ್ಲ ಅನ್ನೋರು ಒಮ್ಮೆಲೇ ನಿಲ್ಲಿಸ್ಬೇಡಿ, ಡಾಕ್ಟ್ರನ್ನ ಕಾಣಿ, ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರಿಗೆ ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡು ಕೊಡ್ಬೇಕಿಲ್ಲ.

ಉಳಿದ ಮಾತ್ರೆ ಏನ್ ಮಾಡೋದು ಅಂತ ಅಕ್ಕ ಕೇಳಿದ್ಲು. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಟ್ರಮಡಾಲ್ ಸೇರಿ 17 ಔಷಧಿಗಳನ್ನ ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡಿ ಅಂದಿದೆ. ನನ್ನ ಬಲಗೈ ಪ್ಲಾಸ್ಟರಲ್ಲಿತ್ತು, ಅಕ್ಕನೇ ಕೂತು ಒಂದೊಂದಾಗಿ ಒತ್ತಿ ತೆಗೆದ್ಲು, ನಾನು ಎಡಗೈಯಲ್ಲಿ ಚೊಂಬು ಹಿಡ್ಕೊಂಡು ನಿಂತಿದ್ದೆ. ಈಗ ಆ ಡಬ್ಬೀಲಿ ಮೆಂತ್ಯ ಇದೆ.